ಹೊನ್ನಕ್ಕ ವೇಷ ಕಟ್ಟಿದ್ದು

ಎರಡು ಸಾವಿರದ ಐದನೇ ಇಸವಿಯ ಸುಮಾರಿನ ಮಾತು. ಶಿರಸಿಯ ಹಳೆ ಬಸ್‌ಸ್ಟ್ಯಾಂಡ್ ಹತ್ತಿರ, ಮಹಡಿಯ ಮೇಲೆ, ನನ್ನದೊಂದು ಕಂಪ್ಯೂಟರ್ ಗೇಮ್ ಅಂಗಡಿ ಇತ್ತು. ಅಲ್ಲಿಗೆ ಬರುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆಟ ಶುರುವಾಗುವ ಮೊದಲು ಸ್ಕ್ರೀನಿನ ಮೇಲೆ ತಮಗೆ ಬೇಕಾದ ಮನುಷ್ಯನನ್ನು ತಾವೇ ಮಾಡಿಕೊಳ್ಳಬೇಕು. ಮೂಗು, ಬಣ್ಣ, ಎತ್ತರ, ಹೆಸರು, ಎಲ್ಲ ಅವರವರ ಇಷ್ಟ. ದಾಸನಕೊಪ್ಪದಿಂದ ಬಂದವನಿರಲಿ, ಹೇರೂರಿನವನಿರಲಿ, ಎಲ್ಲರದೂ ಒಂದೇ ಅಚ್ಚು: ಆಳೆತ್ತರ, ಬೆಳ್ಳನೆ ಮೈ, ಹೊಂಬಣ್ಣದ ಕೂದಲು. ಅಲ್ರೋ, ನಿಮ್ಮ ಮುಖಕ್ಕೆ ಏನಾಗಿದೆ ಎಂದು ಕೇಳಿದರೆ ಹಲ್ಲು ಕಿರಿಯುತ್ತಿದ್ದರು.

ಕೆಳಗಡೆ ಹೊನ್ನಕ್ಕನ ಹೊಲಿಗೆ ಅಂಗಡಿ. ಐವತ್ತು ದಾಟಿದ ಹೆಂಗಸು, ಕುಳ್ಳಿ, ಬಾಯಿ ಜೋರು. ವರ್ಷವಿಡೀ ರವಿಕೆ, ಲಂಗ ಹೊಲಿದರೂ ಅವಳ ಜೀವ ಇದ್ದದ್ದು ಬೇಡರ ವೇಷದಲ್ಲಿ. ಹೋಳಿಯ ಮುಂಚೆ ನಮ್ಮ ಬೀದಿಗಳಲ್ಲಿ ಕುಣಿಯುವ ವೇಷ ಅದು. ಕೆಂಪು ಮುಖ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ಆವೇಶದಲ್ಲಿ ಜನರ ಮೇಲೆ ಎರಗಿಬಿಟ್ಟಾನೆಂದು ಬೇಡನ ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬರು ಹಿಂದಿನಿಂದ ಹಿಡಿದಿರುತ್ತಾರೆ. ನಮ್ಮ ಓಣಿಯ ಬೇಡರಿಗೆಲ್ಲ ಬಟ್ಟೆ ಹೊಲಿದು, ಗರಿ ಕಟ್ಟಿ, ಮೀಸೆ ಅಂಟಿಸುತ್ತಿದ್ದವಳು ಅವಳೇ. ತಾನೂ ಒಮ್ಮೆ ಆ ವೇಷ ಹಾಕಬೇಕೆಂಬ ಆಸೆ ಅವಳಿಗೆ ಸಣ್ಣಂದಿನಿಂದ ಇತ್ತು. ಬಾಯಿಬಿಟ್ಟು ಹೇಳುತ್ತಲೂ ಇದ್ದಳು. ಹೆಂಗಸರು ಹಾಕುವ ವೇಷ ಅಲ್ಲ ಎಂದು ಗಂಡಸರು ನಗುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಅಂಗಡಿಯ ಕಿಟಕಿ ಪರದೆಯ ಅಳತೆಗೆಂದು ಮೇಲೆ ಬಂದಳು. ಕಾಲೇಜು ಹುಡುಗ ಕಿಶೋರ ಸ್ಕ್ರೀನಿನಲ್ಲಿ ಮೂಗು ಬದಲಿಸುತ್ತಿದ್ದ. ಹೊನ್ನಕ್ಕ ಟೇಪು ಹಿಡಿದುಕೊಂಡು ನಿಂತೇ ಬಿಟ್ಟಳು.

"ಇದ್ರಲ್ಲಿ ಯಾರು ಬೇಕಾದ್ರೂ ಎಂತ ಬೇಕಾದ್ರೂ ಆಗೂದಾ ತಮಾ?"

"ಹೌದು ಹೊನ್ನಕ್ಕ," ಎಂದ ಕಿಶೋರ.

"ಹೆಂಗಸ್ರು ಗಂಡಸಾದ್ರೂ?"

"ಅಡ್ಡಿಲ್ಲೆ. ಇದು ಕೇಳೂದೇ ಇಲ್ಲ."

ಅವನನ್ನು ಪಕ್ಕಕ್ಕೆ ಸರಿಸಿ ಕೂತಳು. ಕಿಶೋರ ತೋರಿಸಿದ ಚೆಲುವರನ್ನೆಲ್ಲ ತಳ್ಳಿಹಾಕಿದಳು. ಮೈ ಕಪ್ಪಗಿರಬೇಕು, ತೋಳು ದಪ್ಪ, ಮುಖಕ್ಕೆ ಕೆಂಪು ಬಳಿಯಬೇಕು. ಇದ್ದದ್ದರಲ್ಲಿ ದೊಡ್ಡ ಮೀಸೆ ಹಾಕಿಸಿ, ಸಾಲದು ಎಂದು ಗೊಣಗಿದಳು. ನವಿಲುಗರಿ ಇರಲೇ ಇಲ್ಲ. ಯಾವುದೋ ಹಕ್ಕಿಯ ಗರಿ ಸಿಕ್ಕಿತು. "ಕೋಳಿ ಪುಕ್ಕ ಇದ್ದಂಗದೆ," ಎಂದು ಬೈಯುತ್ತಲೇ ಒಪ್ಪಿದಳು. ಪರದೆಯ ಕೆಲಸ ಹಾಳಾಗಿ ಹೋಯಿತು ಬಿಡಿ.

ಕೊನೆಗೆ ಬೇಡ ಎದ್ದು ನಿಂತ. ಸುತ್ತ ನೆರೆದಿದ್ದ ಹುಡುಗರು, ಕೀ ಒತ್ತಿ, ಅವನನ್ನು ಮುಂದೆ ನಡೆಸಿ ಎಂದರು. ಹೊನ್ನಕ್ಕ ಕೀ ಒತ್ತಲಿಲ್ಲ.

"ಹಗ್ಗ ಹಿಡಿಯೋರು ಯಾರು?" ಎಂದು ಕೇಳಿದಳು.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಮಿನಲ್ಲಿ ಹಗ್ಗ ಯಾಕೆ, ಎದುರು ಬಂದವರನ್ನು ಹೊಡೆಯುವುದೇ ಆಟ ಎಂದರು. ಅವಳ ಮುಖ ಸಪ್ಪಗಾಯಿತು. "ಹಗ್ಗ ಇಲ್ಲದ ಬೇಡನ್ನ ನಾ ಯಾವತ್ತೂ ಬೀದಿಗೆ ಬಿಟ್ಟವಳಲ್ಲ. ಅಳಿಸಿಬಿಡು ತಮಾ, ನಂಗೆ ಇದೂ ಇಲ್ಲ," ಎಂದು ಟೇಪು ಸುತ್ತಿಕೊಂಡು ಎದ್ದಳು.

ನನಗೆ ಎಲ್ಲಿತ್ತೋ ಸಿಟ್ಟು. "ನಗೂದು ನಿಲ್ಸಿ," ಎಂದು ಗದರಿ, ಅದೇ ಆಟಕ್ಕೆ ಜೋಡಿಸಿದ್ದ ಪಕ್ಕದ ಕಂಪ್ಯೂಟರಿನಲ್ಲಿ ನಾನೇ ಕೂತು, ಸಿಕ್ಕಿದ ಮುಖದ ಒಬ್ಬನನ್ನು ಮಾಡಿ ಅವಳ ಬೇಡನ ಬೆನ್ನ ಹಿಂದೆ ತಂದು ನಿಲ್ಲಿಸಿದೆ. ಕಿಶೋರ ಇನ್ನೊಂದು ಕಂಪ್ಯೂಟರಿಗೆ ಹೋಗಿ ತನ್ನ ಹೊಂಗೂದಲ ವೀರನನ್ನು ಇನ್ನೊಂದು ಪಕ್ಕಕ್ಕೆ ತಂದ. ಅವನ ಕೈಯ ಕತ್ತಿ ಕೆಳಗಿಡಿಸಿದ್ದ.

"ಹಗ್ಗ ಕಾಣೂದಿಲ್ಲ ಹೊನ್ನಕ್ಕ, ಆದ್ರೆ ಹಿಡಿದಿದ್ದೇವೆ," ಎಂದೆ.

ಅವಳು ನಮ್ಮಿಬ್ಬರನ್ನೂ ನೋಡಿದಳು. ನಿಧಾನಕ್ಕೆ ಕೂತಳು. ಕೀ ಒತ್ತಿದಳು.

ಬೇಡ ಹೊರಟ. ಎಡಕ್ಕೆ ಹಾರಿದ, ಬಲಕ್ಕೆ ತಿರುಗಿದ, ನಾವು ಬಿದ್ದು ಎದ್ದು ಹಿಂದೆ ಓಡಿದೆವು. ಹುಡುಗರು ತಮಟೆಯ ಗತ್ತನ್ನು ಮೇಜಿನ ಮೇಲೆ ಬಾರಿಸತೊಡಗಿದರು. ನನಗೆ ಅಷ್ಟು ಖುಷಿ ಆ ಅಂಗಡಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಗದ್ದಲ ಕೇಳಿ ಪಕ್ಕದ ಬಳೆ ಅಂಗಡಿಯ ವೆಂಕಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಸ್ಕ್ರೀನಿನಲ್ಲಿ ಕುಣಿಯುತ್ತಿದ್ದ ಕೆಂಪು ಮುಖಕ್ಕೆ ಹತ್ತಿರ ಬಗ್ಗಿದಳು.

"ಯಾರ ಮನೆಯವ, ವೇಷ ಹಾಕಿದ್ದು?" ಎಂದು ಕೇಳಿದಳು.

ಹೊನ್ನಕ್ಕ ಕಣ್ಣು ಕೀಳಲಿಲ್ಲ.

"ನಾನು," ಎಂದಳು. "ಸ್ವಲ್ಪ ದೂರ ನಿಲ್ಲು ಮಾರಾಯ್ತಿ, ಕತ್ತಿ ತಾಗ್ತದೆ."