ನಲವತ್ತು ಅಡಿ ಮಿನಾರಿನ ಚೌಕಾಸಿ

ಕೋವಿಡ್ ಕಳೆದು ಕೆಲಸಗಳು ಮತ್ತೆ ಶುರುವಾಗಿದ್ದ ಕಾಲ. ನಾನು ತುಮಕೂರಿನಲ್ಲಿ ಗೋಪುರ, ಗುಮ್ಮಟ ಕಟ್ಟುವ ಕಾಂಟ್ರ್ಯಾಕ್ಟರ್. ಕುಣಿಗಲ್‌ನಲ್ಲಿ ಗಾರೆ ಕಲಸುತ್ತ ಮೇಲೆ ಬಂದವನು. ಓದು ಕಡಿಮೆ, ಮಾತಾಡಿ ಕೆಲಸ ಕುದುರಿಸುವುದು ಚೆನ್ನಾಗಿ ಗೊತ್ತು.

ಗುಬ್ಬಿಯಲ್ಲಿ ತಗಡಿನ ಶೀಟು ಹೊದ್ದಿದ್ದ ಮಸೀದಿಯೊಂದನ್ನು ಹೊಸದಾಗಿ ಕಟ್ಟುವ ಕೆಲಸ ಸಿಕ್ಕಿತು. ಕಮಿಟಿಯ ಹಿರಿಯರು ಬಷೀರ್ ಸಾಬರು, ಲಾರಿ ಮೆಕ್ಯಾನಿಕ್. ರಸ್ತೆಗೆ ಕಾಣುವಂತೆ ಒಂದು ಮಿನಾರು ಇರಬೇಕೆಂಬುದು ಅವರ ಆಸೆ. ನಕ್ಷೆಯಲ್ಲಿ ನಲವತ್ತು ಅಡಿ, ನಿಯಮದೊಳಗೇ ಇತ್ತು. ಆದರೂ ನಕ್ಷೆ ಪಾಸು ಮಾಡುವ ಅಧಿಕಾರಿ ಅಕ್ಕಪಕ್ಕದವರ ಒಪ್ಪಿಗೆ ತನ್ನಿ ಎಂದರು. ಅದೇ ಬೀದಿಯಲ್ಲಿ ನಾನೇ ದೇವಸ್ಥಾನಕ್ಕೆ ಅರವತ್ತು ಅಡಿಯ ಗೋಪುರ ಎಬ್ಬಿಸಿದಾಗ ಯಾರೂ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ.

ಒಪ್ಪಿಗೆ ಕೊಡೆವೆಂದ ಅಕ್ಕಪಕ್ಕದವರ ಮುಂದಾಳು ಶಿವಣ್ಣ, ಅಡಿಕೆ ಮಂಡಿಯವನು, ನನ್ನ ಪರಿಚಯದವನೇ. ಎತ್ತಿನ ವ್ಯಾಪಾರದಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತೇವಲ್ಲ, ಇದೂ ಹಾಗೇ ಕುದುರುತ್ತದೆ ಎಂದುಕೊಂಡೆ. ಮಿನಾರನ್ನು ಇಪ್ಪತ್ತೈದು ಅಡಿಗೆ ಇಳಿಸಿದೆ. ಶಿವಣ್ಣ ಟೀ ತರಿಸಿ, ಗುಮ್ಮಟ ಬೇಡ ಎಂದ. ತೆಗೆಸಿದೆ. ಕಿಟಕಿಗೆ ಕಮಾನು ಬೇಡ ಎಂದ. ಅದನ್ನೂ ಚೌಕ ಮಾಡಿಸಿದೆ. ಕಾನೂನು ಎಲ್ಲರಿಗೂ ಒಂದೇ ಅಲ್ಲವೇ ಎಂದದ್ದಕ್ಕೆ ನಕ್ಕ.

"ನಾನೇನು ನಮಾಜ್ ಮಾಡ್ಬೇಡಿ ಅಂದ್ನಾ? ಮಾಡ್ಕಳ್ಲಿ ಕಣಣ್ಣ. ಕಾಣ್ಬಾರ್ದು, ಅಷ್ಟೆ."

ಮಿನಾರನ್ನೂ ಬಿಟ್ಟುಬಿಡೋಣ ಎಂದು ನಾನು ಹೇಳಿದ ದಿನ ಬಷೀರ್ ಸಾಬರು ಸ್ಪ್ಯಾನರ್ ಒರೆಸುತ್ತ ಕೇಳಿದರು: "ನೀನು ನಮ್ ಕಡೆಯಿಂದ ಕುದುರುಸ್ತಾ ಇದೀಯೋ, ಅವ್ರ ಕಡೆಯಿಂದ್ಲೋ?" ಆಮೇಲೆ ಅವರೇ, "ನಾಕು ಗೋಡೆ ಆದ್ರೂ ಉಳೀಲಿ ಬುಡು" ಎಂದು ಒಪ್ಪಿದರು.

ಬೋಳು ನಕ್ಷೆ ಹಿಡಿದು ಕಚೇರಿಗೆ ಹೋದೆವು. ಶಿವಣ್ಣ ಹೊಸ ತಕರಾರು ತಂದಿದ್ದ.

"ಮಸೀದಿ ಅಂದ್ಮೇಲೆ ಮಸೀದಿ ಥರ ಇರ್ಬೇಕಲ್ವಾ ಸಾರ್? ಇದೇನು, ಗೋಡೌನ್ ಥರ? ಒಳಗೇನ್ ಮಾಡ್ತಾರೋ ಏನೋ."

ಅಧಿಕಾರಿ ತಲೆಯಾಡಿಸಿ ಅದನ್ನೂ ಬರೆದುಕೊಂಡರು. ಶಿವಣ್ಣನ ಟೀ ಕುಡಿದದ್ದಕ್ಕೆ ನನಗೇ ಅಸಹ್ಯವಾಯಿತು. ಬೋಳು ನಕ್ಷೆ ವಾಪಸು ಪಡೆದು ನಲವತ್ತು ಅಡಿಯದನ್ನೇ ಮೇಜಿನ ಮೇಲಿಟ್ಟೆ. ಯಾವ ನಿಯಮಕ್ಕೆ ವಿರುದ್ಧವೆಂದು ಬರೆದುಕೊಡಿ ಎಂದೆ. ಬರೆದುಕೊಡಲಿಲ್ಲ. ಕಮಿಟಿಯವರು ಹೂಡಿದ ಕೇಸು ಈಗ ಕೋರ್ಟಿನಲ್ಲಿದೆ. ನಮಾಜು ಇನ್ನೂ ಶೀಟಿನ ಕೆಳಗೇ ನಡೆಯುತ್ತಿದೆ.

ಕಟ್ಟುವ ಕಸುಬಿಗೆ ಬರುವವರಿಗೆ ಇಷ್ಟು ಹೇಳುತ್ತೇನೆ. ಚೌಕಾಸಿಗೆ ಕೂರುವ ಮೊದಲು, ಎಷ್ಟಕ್ಕೆ ಒಪ್ಪುತ್ತೀಯ ಎಂದು ಎದುರಿನವನನ್ನು ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ. ಅವನು ಬೇಡವೆನ್ನುತ್ತಿರುವುದು ಕಟ್ಟಡವನ್ನಲ್ಲ, ಅದರೊಳಗೆ ಬರುವವರನ್ನು.