ಒಂದು ಹಿಡಿ ಅನ್ನದ ಜಗಳ

ಹೆಂಡತಿ ಬದುಕಿದ್ದಾಗ ನಮ್ಮ ಮನೆಯ ಜಗಳಗಳನ್ನೆಲ್ಲ ಅವಳೇ ಆಡುತ್ತಿದ್ದಳು. ಮುಂಬೈ ಹತ್ತಿರದ ಠಾಕುರ್ಲಿಯ ಈ ಬಿಲ್ಡಿಂಗಿಗೆ ನಾವು ಬಂದು ಇಪ್ಪತ್ತೆರಡು ವರ್ಷವಾಯಿತು. ನೀರು ಬಿಡುವ ಹೊತ್ತು, ಮೆಟ್ಟಿಲ ಮೇಲೆ ಚಪ್ಪಲಿ, ಒಣಹಾಕಿದ ಸೀರೆಯಿಂದ ತೊಟ್ಟಿಕ್ಕುವ ನೀರು, ಹೀಗೆ ಏನಾದರೊಂದು ಇರುತ್ತಿತ್ತು. ನಾನು ಉಲ್ಹಾಸನಗರದಲ್ಲಿ ಪ್ಯಾಂಟು ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವವನು. ಬೆಳಿಗ್ಗೆ ಹೋಗಿ ಸಂಜೆ ಬಂದರೆ, ಯಾವ ಜಗಳ ಹುಟ್ಟಿತು, ಯಾವುದು ಮುಗಿಯಿತು ಎಂದು ಊಟಕ್ಕೆ ಕೂತಾಗ ಅವಳಿಂದ ಕೇಳುತ್ತಿದ್ದೆ. ನಾನು ಸಾಧು ಮನುಷ್ಯ ಎಂದು ಬಿಲ್ಡಿಂಗಿನಲ್ಲಿ ಹೆಸರಾಗಿತ್ತು. ನಾನೂ ಅದನ್ನು ನಂಬಿದ್ದೆ.

ಅವಳು ಹೋಗಿ ಎಂಟು ತಿಂಗಳಾಯಿತು. ಹತ್ತನೆಯ ದಿನ ಕಲ್ಯಾಣದ ಹಿನ್ನೀರ ಖಾಡಿಯ ದಂಡೆಯಲ್ಲಿ ಪಿಂಡ ಇಟ್ಟೆವು. ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತಿತು, ಕತ್ತು ಓರೆ ಮಾಡಿ ನೋಡಿತು, ಕೆಳಗಿಳಿಯಲಿಲ್ಲ. ಉಡುಪಿ ಕಡೆಯಿಂದ ಬಂದಿದ್ದ ನನ್ನ ಅಕ್ಕ ಕೈ ಮುಗಿದು, "ಇವನನ್ನು ನಾವು ನೋಡಿಕೊಳ್ತೇವೆ ಮಾರಾಯ್ತಿ, ನೀನು ಚಿಂತೆ ಮಾಡ್ಬೇಡ" ಎಂದಳು. ಕಾಗೆ ಕದಲಲಿಲ್ಲ. ಬಿಸಿಲೇರಿತು. ಕೊನೆಗೆ ಭಟ್ಟರು ದರ್ಭೆಯಲ್ಲೇ ಒಂದು ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಎಲ್ಲರೂ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ನನಗೆ ಮಾತ್ರ, ಇವಳಿಗೆ ಇನ್ನೇನು ಬೇಕಾಗಿತ್ತು ಎಂಬ ಪ್ರಶ್ನೆ ಉಳಿಯಿತು. ಅಕ್ಕ ಊರಿಗೆ ಹೊರಡುವಾಗ, ವರ್ಷಾಂತಿಕದವರೆಗೆ ದಿನಾ ಒಂದು ಹಿಡಿ ಅನ್ನ ಕಾಗೆಗೆ ಇಡು, ತಪ್ಪಿಸಬೇಡ ಎಂದು ಹೇಳಿಹೋದಳು.

ಅಡುಗೆಮನೆಯ ಕಿಟಕಿಯ ಹೊರಗೆ, ಗ್ರಿಲ್ಲಿನ ತಗಡಿನ ಮೇಲೆ ಇಡತೊಡಗಿದೆ. ಕೆಲಸಕ್ಕೆ ಹೊರಡುವ ಮೊದಲು ಇಟ್ಟು, ಬಾಗಿಲು ಹಾಕಿಕೊಂಡು ಹೋಗುವುದು. ಮೊದಮೊದಲು ಕಾಗೆಗಳೇ ಬಂದವು. ಆಮೇಲೆ ಪಾರಿವಾಳಗಳು ಬಂದವು. ಭಾನುವಾರ ಮನೆಯಲ್ಲಿದ್ದಾಗ ತಡವಾಗಿ ಇಟ್ಟು, ನಿಂತು ನೋಡುತ್ತಿದ್ದೆ. ಕಾಗೆ ಕೊಕ್ಕು ತುಂಬಿಕೊಂಡು ಹಾರಿಹೋಗುತ್ತದೆ. ಪಾರಿವಾಳ ಹಾಗಲ್ಲ, ತಿಂದ ಮೇಲೂ ಅಲ್ಲೇ ಓಡಾಡಿಕೊಂಡು ಇರುತ್ತದೆ, ಮಾರನೆಯ ದಿನ ಇನ್ನಿಬ್ಬರನ್ನು ಕರೆತರುತ್ತದೆ.

ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ಮರಾಠಿ ದಂಪತಿ ಇದ್ದಾರೆ. ನನ್ನ ಹೆಂಡತಿ ಅವರನ್ನು ಕಾಕಾ, ಕಾಕೂ, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಎನ್ನುತ್ತಿದ್ದಳು. ಕಾಕಾಗೆ ಉಬ್ಬಸ. ಒಂದು ದಿನ ಸೊಸೈಟಿಯ ಗ್ರೂಪಿನಲ್ಲಿ ಕಾಕೂ ಒಂದು ಫೋಟೋ ಹಾಕಿದರು. ಅವರ ಕಿಟಕಿ, ಅದರ ತುಂಬ ಹಿಕ್ಕೆ, ಎರಡು ಪುಕ್ಕ. "ಮೇಲಿನವರು ದಯವಿಟ್ಟು ಗಮನಿಸಿ" ಎಂದು ಬರೆದಿದ್ದರು. ನಾನು ಕೈಮುಗಿದ ಚಿತ್ರ ಕಳಿಸಿದೆ. ಮರುದಿನ ಮತ್ತೆ ಅನ್ನ ಇಟ್ಟೆ. ಆ ದಿನ ಒಂದು ಹಿಡಿಯ ಬದಲು ಎರಡು ಹಿಡಿ ಇಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಯೋಚಿಸುತ್ತೇನೆ. ಯಾರೂ ಎದುರು ನಿಂತು ಕೇಳಿರಲಿಲ್ಲ, ನಾನೂ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಆದರೂ ಅದು ಉತ್ತರವೇ ಆಗಿತ್ತು.

ಎರಡು ವಾರವಾಯಿತು. ಕೆಳಗಿನಿಂದ ಕಾಕೂ ಕೋಲಿನಿಂದ ಗ್ರಿಲ್ಲಿಗೆ ಬಡಿಯುವುದು, ನಾನು ಕಿಟಕಿ ಮುಚ್ಚುವುದು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುವುದು. ಒಂದು ಸಂಜೆ ಸೆಕ್ರೆಟರಿ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಅಣ್ಣಾ, ಕಾಕೂ ಬರೆದು ಕೊಟ್ಟಿದ್ದಾರೆ. ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಇಡಬೇಕಾಗುತ್ತೆ. ಹಕ್ಕಿಗೆ ಹಾಕುವುದು ಬಂದ್ ಅಂತಲೇ ಆಗುತ್ತೆ, ನೋಡಿಕೊಳ್ಳಿ" ಎಂದ. ಬಂದ್ ಆದರೆ ಅವಳ ಅನ್ನವೂ ಬಂದ್.

ಆ ವಾರವಿಡೀ ಲೋಕಲ್ ಟ್ರೇನಿನಲ್ಲಿ ನಿಂತು ಒಂದೇ ವಿಷಯ ಯೋಚಿಸಿದೆ. ಇವಳಾಗಿದ್ದರೆ ಈ ಜಗಳ ಹೇಗೆ ಆಡುತ್ತಿದ್ದಳು? ಅವಳ ಜಗಳದ ಮಾತುಗಳೆಲ್ಲ ನೆನಪಿದ್ದವು, ರೀತಿ ನೆನಪಿರಲಿಲ್ಲ. ಆಮೇಲೆ ಹೊಳೆಯಿತು. ಅವಳು ಯಾವತ್ತೂ ಬಾಗಿಲಲ್ಲಿ ನಿಂತು ಶುರು ಮಾಡುತ್ತಿರಲಿಲ್ಲ. ಚಪ್ಪಲಿ ಕಳಚಿ, ಒಳಗೆ ಹೋಗಿ, ಕುರ್ಚಿ ಎಳೆದು ಕೂತ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಕೂತವರನ್ನು ಎಬ್ಬಿಸಿ ಓಡಿಸುವುದು ಕಷ್ಟ ಎನ್ನುತ್ತಿದ್ದಳು.

ಶನಿವಾರ ಸಂಜೆ ಕೆಳಗೆ ಹೋದೆ. ಕಾಕೂ ಬಾಗಿಲು ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಬಂದಿರಾ? ಇಪ್ಪತ್ತೆರಡು ವರ್ಷ ಆಯಿತು ಈ ಹೊಸ್ತಿಲಿಗೆ ಬರೋಕೆ."

ನನ್ನ ಮರಾಠಿ ಅಷ್ಟಕ್ಕಷ್ಟೆ. "ಕೂತ್ಕೊಳ್ಳಲಾ ಕಾಕೂ?" ಎಂದೆ.

"ಕೂತ್ಕೊಳ್ಳಿ. ಕಬೂತರಗಳೇ ಕೂತ್ಕೊಂಡಿವೆ, ನಿಮಗೇನು."

ಕಾಕಾ ಕಿಟಕಿಯ ಪಕ್ಕ ಕೂತಿದ್ದರು, ತೊಡೆಯ ಮೇಲೆ ಉಬ್ಬಸದ ಪಂಪು. ನಗಲು ಹೋಗಿ ಕೆಮ್ಮಿದರು. ಆ ಕೆಮ್ಮು ಮುಗಿಯುವವರೆಗೆ ನಾವಿಬ್ಬರೂ ಕಾದೆವು. ಬಹಳ ಹೊತ್ತು ಹಿಡಿಯಿತು. ಮೇಲಿನಿಂದ ಅದು ನನಗೆ ಯಾವತ್ತೂ ಕೇಳಿಸಿರಲಿಲ್ಲ.

"ಡಾಕ್ಟರ್ ಪಾರಿವಾಳದ ಹತ್ತಿರ ಇರಲೇಬೇಡಿ ಅಂದಿದ್ದಾರೆ" ಎಂದರು ಕಾಕೂ. "ನಾವು ಕಿಟಕಿಗೆ ಬಲೆ ಹಾಕಿಸಿದೆವು. ನೀವು ಮೇಲಿನಿಂದ ಹಬ್ಬ ಮಾಡ್ತೀರಿ. ಪುಣ್ಯ ಬೇಕಿದ್ದರೆ ಸ್ಟೇಷನ್ ಹತ್ತಿರ ಹೋಗಿ ಕಾಳು ಚೆಲ್ಲಿ ಬನ್ನಿ."

"ಪುಣ್ಯಕ್ಕಲ್ಲ ಕಾಕೂ. ಪಾರಿವಾಳಕ್ಕೂ ಅಲ್ಲ. ಕಾಗೆಗೆ ಇಡೋದು. ಅವಳಿಗೋಸ್ಕರ."

ಕಾಕೂ ಸೆರಗು ಸರಿ ಮಾಡಿಕೊಂಡರು. "ಹಾಗಂತ ಹೇಳಬಾರದಿತ್ತೇನು?"

"ಗೊತ್ತಿರುತ್ತೆ ಅಂದ್ಕೊಂಡೆ."

"ಹೇಗೆ ಗೊತ್ತಾಗುತ್ತೆ? ನಾವು ಹತ್ತನೇ ದಿನ ಇಡ್ತೇವೆ, ಮುಗೀತು. ದಿನಾ ಯಾರು ಇಡ್ತಾರೆ? ಫೋಟೋ ಹಾಕಿದೆ, ಕೈ ಮುಗಿದಿರಿ, ಮಾರನೇ ದಿನ ಇನ್ನೂ ಜಾಸ್ತಿ ಹಾಕಿದಿರಿ. ಎಷ್ಟು ಸೊಕ್ಕು ಈ ಮನುಷ್ಯನಿಗೆ ಅಂದ್ಕೊಂಡೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಒಂದೇ ಅನ್ನ, ಮೇಲಿನಿಂದ ನೋಡಿದರೆ ಶ್ರದ್ಧೆ, ಕೆಳಗಿನಿಂದ ನೋಡಿದರೆ ಸೊಕ್ಕು. ನಾನು ಮಾತಾಡದೆ ಇದ್ದದ್ದನ್ನು ಒಳ್ಳೆಯತನ ಅಂದುಕೊಂಡಿದ್ದೆ. ಇವರ ಮನೆಯಲ್ಲಿ ಅದು ದಿನಾ ಬೆಳಿಗ್ಗೆ ಬಂದು ಬೀಳುತ್ತಿದ್ದ ಬೈಗುಳವಾಗಿತ್ತು.

"ಹತ್ತನೇ ದಿನ ಕಾಗೆ ಮುಟ್ಟಿತಾ?" ಕಾಕೂ ದನಿ ತಗ್ಗಿಸಿ ಕೇಳಿದರು. ಇಲ್ಲ ಎಂದೆ. ದರ್ಭೆಯ ಕಾಗೆಯ ವಿಷಯವನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವರು ಒಳಗೆ ಹೋಗಿ ಚಹಾ ಇಟ್ಟರು.

ಆಗ ಕಾಕಾ ಮಾತಾಡಿದರು. "ಕಾಗೆ ಏಳೂಕಾಲಿಗೆ ಬರುತ್ತೆ. ಸ್ಕೂಲ್ ಬಸ್ ಹೋದ ಮೇಲೆ, ಆ ಹುಣಸೆ ಮರಕ್ಕೆ. ನೀವು ಆರೂವರೆಗೇ ಇಟ್ಟು ಹೋಗ್ತೀರಿ. ಮುಕ್ಕಾಲು ಗಂಟೆ ಪಾರಿವಾಳಗಳದ್ದೇ ರಾಜ್ಯ. ಕಾಗೆಗೆ ಏನೂ ಸಿಗೋದಿಲ್ಲ."

ನಾನು ಬೆಪ್ಪಾದೆ. ಪಾರಿವಾಳ ಬಂದಾಗಿನಿಂದ ಕೆಲಸದ ದಿನ ನಾನು ಇಟ್ಟದ್ದು ಅವಳಿಗೆ ತಲುಪಿಯೇ ಇರಲಿಲ್ಲ. ದಿನವಿಡೀ ಕಿಟಕಿಯ ಬಳಿ ಕೂರುವ ಈ ಮನುಷ್ಯನಿಗೆ ಅದು ಗೊತ್ತಿತ್ತು. ನಾನು ಕೇಳಿರಲಿಲ್ಲ.

ಒಪ್ಪಂದ ಆಯಿತು. ಏಳೂಕಾಲಿಗೆ ತಟ್ಟೆಯಲ್ಲಿ ಅನ್ನ, ಐದು ನಿಮಿಷ ನಾನೇ ನಿಲ್ಲುವುದು, ಕಾಗೆ ತಿಂದ ಮೇಲೆ ತಟ್ಟೆ ಒಳಗೆ, ತಗಡು ಒರೆಸುವುದು. ಕೆಲಸಕ್ಕೆ ಒಂದು ಟ್ರೇನು ತಡವಾಗುತ್ತದೆ, ಆಗಲಿ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಖುಷಿಯಲ್ಲಿ ನಾನು, "ವರ್ಷಾಂತಿಕದ ದಿನ ಒಂದು ತುಂಡು ಬಂಗುಡೆ ಇಡ್ತೇನೆ ಕಾಕೂ. ಅವಳಿಗೆ ಬಂಗುಡೆ ಅಂದ್ರೆ ಪ್ರಾಣ. ಮೀನನ್ನು ಪಾರಿವಾಳ ಮುಟ್ಟೋದೂ ಇಲ್ಲ" ಎಂದುಬಿಟ್ಟೆ.

"ಏನು? ನಮ್ಮ ಅಡುಗೆಮನೆ ತಲೆ ಮೇಲೆ ಮೀನಾ?" ಕಾಕೂ ಕಪ್ಪು ಕೆಳಗಿಟ್ಟರು. "ಅದು ಮಾತ್ರ ಆಗೋದಿಲ್ಲ ಅಣ್ಣಾ."

"ಅವಳ ಇಷ್ಟದ್ದು ಕಾಕೂ."

"ಇರಲಿ. ನನ್ನ ಕಿಟಕಿಗೆ ಮುಳ್ಳು ಬಿದ್ದರೆ?"

ಮತ್ತೆ ಅರ್ಧ ಗಂಟೆ ಜಗಳ ಆಡಿದೆವು. ಮುಗಿಯಲಿಲ್ಲ. ಚಹಾ ಎರಡನೆಯ ಸಲ ಬಂತು.

ಮರುದಿನ ಏಳೂಕಾಲಿಗೆ ತಟ್ಟೆ ಹಿಡಿದು ನಿಂತೆ. ಕೆಳಗಿನಿಂದ ಕಾಕಾ, "ಬಂತು, ಬಂತು" ಎಂದರು. ಕಾಗೆ ಮರದಿಂದ ಗ್ರಿಲ್ಲಿಗೆ ಬಂದು, ನನ್ನನ್ನೊಮ್ಮೆ ನೋಡಿ, ಕೊಕ್ಕು ತುಂಬಿಕೊಂಡು ಹೋಯಿತು. ತಟ್ಟೆ ಒಳಗಿಟ್ಟು ತಗಡು ಒರೆಸಿದೆ.

ಹತ್ತು ಗಂಟೆಗೆ ಮೀಟಿಂಗು. ಸೆಕ್ರೆಟರಿ ಹಕ್ಕಿಗಳ ವಿಷಯ ಎತ್ತುತ್ತಿದ್ದಂತೆ ಕಾಕೂ ಕೈ ಎತ್ತಿದರು. "ಅದನ್ನು ತೆಗೆದುಹಾಕಿ."

"ನೀವೇ ಅಲ್ವಾ ಬರೆದುಕೊಟ್ಟಿದ್ದು?"

"ಕೊಟ್ಟೆ. ಈಗ ನಾವಿಬ್ಬರು ಜಗಳ ಆಡ್ತಿದ್ದೇವೆ. ನಡುವೆ ನೀವು ಬರಬೇಡಿ."

ಎಲ್ಲರೂ ನಕ್ಕರು. ಸೆಕ್ರೆಟರಿ ನನ್ನ ಕಡೆ ತಿರುಗಿ, "ಹಾಗಾದರೆ ಮುಗೀತಾ ಅಣ್ಣಾ?" ಎಂದ. ಅಷ್ಟು ಜನರ ಎದುರು ನಾನು ಎದ್ದು ನಿಂತದ್ದು ಅದೇ ಮೊದಲು. "ಅನ್ನದ್ದು ಮುಗೀತು. ಮೀನಿನದ್ದು ಇದೆ" ಎಂದೆ.

ಹೊರಗೆ ಬರುವಾಗ ಕಾಕೂ ನನ್ನ ಪಕ್ಕಕ್ಕೆ ಬಂದು, "ವರ್ಷಾಂತಿಕಕ್ಕೆ ಇನ್ನೂ ನಾಲ್ಕು ತಿಂಗಳಿದೆಯಲ್ಲ. ಅಷ್ಟರಲ್ಲಿ ನನ್ನನ್ನು ಒಪ್ಪಿಸಿ, ನೋಡೋಣ" ಎಂದು ಹೇಳಿ, ಕಂಬಿ ಹಿಡಿದುಕೊಂಡು ನಿಧಾನಕ್ಕೆ ಮೆಟ್ಟಿಲು ಹತ್ತತೊಡಗಿದರು.