ಏಳು ಡ್ರೈವರ್‌ಗಳ ಪರ ನಿಂತ ಕಾಕಾ

ಹೋದ ವಾರ ಆಫೀಸಿನ ಹಳೆಯ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದಾಗ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬೀದರಿನ ನಮ್ಮ ಓಣಿ, ಬೇಸಿಗೆಯ ಮಧ್ಯಾಹ್ನ, ಎದುರು ಮನೆಯ ಡ್ರೈವರ್ ಕಾಕಾ…

ಸಾಲಾಗಿ ಮಳೆ ಕೈಕೊಟ್ಟ ವರ್ಷಗಳವು. ಔರಾದ ಕಡೆಯ ಮಂದಿ ಹಾಸಿಗೆ ಸುರುಳಿ, ಪಾತ್ರೆ, ಕೋಳಿ ಸಮೇತ ಖಾಸಗಿ ಬಸ್ಸು ಹತ್ತಿ ದುಡಿಯಲು ಪುಣೆಗೆ ಹೋಗುತ್ತಿದ್ದರು. ಅಂಥ ಒಂದು ಬಸ್ಸಿಗೆ ಕಾಕಾ ಡ್ರೈವರ್. ಒಂದು ದಿನ ಹೊರಡುವ ಮುಂಚೆ ರೇಡಿಯೇಟರಿಗೆ ನೀರು ಕೇಳಿದರೆ, "ಮಂದಿಗೇ ಕುಡೀಲಿಕ್ಕ ನೀರಿಲ್ಲ, ನಿನ್ನ ಬಸ್ಸಿಗೇನು ನೀರಡಿಕಿ?" ಎಂದು ಮಾಲಕರ ಕಡೆಯವನು ಹಾಗೇ ಕಳಿಸಿದ. ಬೀದರ ಹಾಯ್ದು ಹಲಬರ್ಗಾ ಮುಟ್ಟುವ ಮೊದಲೇ ಇಂಜಿನ್ ಹೊಗೆಯಾಡಿ ನಿಂತಿತು. ತಪ್ಪು ಡ್ರೈವರನದೇ ಎಂದು ಮಾಲಕರು ಕೀಲಿ ಕಸಿದುಕೊಂಡರು. ಕಾಕಾ ಮನೆ ಹಿಡಿದರು.

ನಾನೂ ಮನೆಯಲ್ಲೇ ಇದ್ದೆ. ಡಿಪ್ಲೊಮಾ ಮುಗಿಸಿ, ನೌಕರಿ ಪರೀಕ್ಷೆಗೆ ಓದುತ್ತೇನೆಂದು ಹೇಳಿ, ಬಾಗಿಲು ಓರೆ ಮಾಡಿಕೊಂಡು ಕಾರ್ ರೇಸ್ ಆಡುವುದು ನನ್ನ ಉದ್ಯೋಗ. ಆದರೆ ಮೂರನೇ ಸುತ್ತಿಗೆ ಬಂದರೆ ಸಾಕು, ಪರದೆ ಕಪ್ಪಾಗುತ್ತಿತ್ತು. ಮತ್ತೆ ಬೆಳಕು ಬಂದಾಗ ಮೂಲೆಯಲ್ಲಿ ಒಂದು ಸಾಲು: ಗ್ರಾಫಿಕ್ಸ್ ಡ್ರೈವರ್ ಕೆಲಸ ನಿಲ್ಲಿಸಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಆ ಸಾಫ್ಟ್‌ವೇರನ್ನು ತೆಗೆದು ಹೊಸದು ಹಾಕಿದೆ. ಹಳೆಯದು ಹಾಕಿದೆ, ಅದಕ್ಕೂ ಹಳೆಯದು ಹಾಕಿದೆ. ಆಟದ ಚಿತ್ರಗಳನ್ನು ಎಷ್ಟು ಹಗುರ ಮಾಡಿದೆನೆಂದರೆ ದಾರಿಬದಿಯ ಮರಗಳು ಹಸಿರು ಡಬ್ಬಿಗಳಾದವು. ಮೂರನೇ ಸುತ್ತು ಮಾತ್ರ ಮುಗಿಯಲಿಲ್ಲ.

ಒಂದು ಮಧ್ಯಾಹ್ನ ಸಿಟ್ಟು ತಡೆಯದೆ ಕಿರುಚಿದೆ. "ಎಲ್ಲಾ ಈ ಡ್ರೈವರಂದೇ ತಪ್ಪು! ಇಂವನ್ನ ಮೊದಲ ಕಿತ್ತು ಒಗೀಬೇಕು!"

ತಿರುಗಿ ನೋಡಿದರೆ, ಪೇಪರ್ ಕೇಳಲು ಬಂದ ಕಾಕಾ ಬಾಗಿಲಲ್ಲಿ ನಿಂತಿದ್ದರು. ಮುಖ ಇಷ್ಟೇ ಆಗಿತ್ತು.

"ಕಾಕಾ, ನಿಮಗಲ್ರಿ! ಕಂಪ್ಯೂಟರಿನೊಳಗ ಒಬ್ಬ ಡ್ರೈವರ್ ಇರ್ತಾನ್ರಿ…"

ಅವರು ಕುರ್ಚಿ ಎಳೆದುಕೊಂಡು ಕೂತರು. "ಎಷ್ಟು ಮಂದೀನ್ನ ಬದಲಿ ಮಾಡಿದಿ?"

"ಏಳು."

"ಏಳೂ ಮಂದಿ ಒಂದೇ ಜಾಗಾದಾಗ ನಿಂದರ್ತಾರಂದ್ರ ಅವರದೇನು ತಪ್ಪವ್ವ? ಗಾಡಿ ನೋಡು."

ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ತಟ್ಟನೆ ತೆಗೆದರು. "ಸುಡ್ಲಿಕತ್ತದ! ಇದು ಉಸಿರು ಎಲ್ಲಿಂದ ತಗೋತದ?" ಧೂಳು ಹೋಗಬಾರದೆಂದು ಅವ್ವ ಅದಕ್ಕೆ ಕಸೂತಿಯ ಗವಸು ತೊಡಿಸಿದ್ದಳು. ಅದನ್ನು ಬಿಚ್ಚಿ ಮುಚ್ಚಳ ತೆಗೆದರೆ, ಒಳಗಿನ ಫ್ಯಾನಿಗೆ ಕೆಂಪು ಧೂಳು ಕಂಬಳಿಯಂತೆ ಹೊದ್ದಿತ್ತು. ನಡುವೆ ಹಲ್ಲಿಯ ಎರಡು ಮೊಟ್ಟೆ ಬೇರೆ. ಕಾಕಾ ಮನೆಗೆ ಹೋಗಿ ತಮ್ಮ ದಾಡಿ ಬ್ರಷ್ಷು, ಸೈಕಲ್ ಪಂಪು ತಂದರು. ಅವ್ವ ಗವಸು ಹಿಡಿದುಕೊಂಡು ಗೊಣಗುತ್ತ ನಿಂತಳು. ನಾವಿಬ್ಬರೂ ಕೆಮ್ಮುತ್ತ ಗಾಳಿ ಹೊಡೆದೆವು.

ಆಮೇಲೆ ಕಾಕಾ ತಾವೇ ಆಡಲು ಕೂತರು. ಉಳಿದ ಕಾರುಗಳೆಲ್ಲ ಹಾರಿ ಹೋದರೂ ಇವರು ಪ್ರತಿ ತಿರುವಿನಲ್ಲೂ ನಿಧಾನ ಮಾಡಿ, ಬಲಗೈ ಹೊರಗೆ ಚಾಚಿ ಸನ್ನೆ ಕೊಡುತ್ತಿದ್ದರು. "ಹಾರ್ನ್ ಎಲ್ಲಿ ಅದವ್ವ?" ಎಂದು ಎರಡು ಸಲ ಕೇಳಿದರು. ಎಲ್ಲರಿಗಿಂತ ಕೊನೆಗೆ ಬಂದರು. ಆದರೆ ಮೂರೂ ಸುತ್ತು ಮುಗಿದವು! ಪರದೆ ಕಪ್ಪಾಗಲಿಲ್ಲ. ಕೀಲಿ ಹೋದ ಮೇಲೆ ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು.

ಏಳುವಾಗ ಕೇಳಿದರು. "ಡ್ರೈವರಂದು ತಪ್ಪಿಲ್ಲಂತ ಬರದು ಕೊಡ್ತಿ ಏನ್ ಮಗಳ?"

ತಮಾಷೆ ಎಂದುಕೊಂಡು ಹಾಳೆಯ ಮೇಲೆ, "ಪರೀಕ್ಷಿಸಿ ನೋಡಲಾಗಿ ಡ್ರೈವರನ ತಪ್ಪಿಲ್ಲ, ಗಾಡಿ ಕಾದಿತ್ತು" ಎಂದು ಬರೆದು, ಕೆಳಗೆ ಡಿಪ್ಲೊಮಾ ಸಮೇತ ಸಹಿ ಹಾಕಿದೆ. ಕಾಕಾ ಮರುದಿನವೇ ಅದನ್ನು ಹಿಡಿದುಕೊಂಡು ಭಾಲ್ಕಿಗೆ, ಮಾಲಕರ ಮನೆಗೆ ಹೋಗಿಬಿಟ್ಟರು! ಸಂಜೆ ಬಂದು ಅವರೇ ಹೇಳಿದರು. "ಓದಿ ಭಾಳ ನಕ್ಕರವ್ವ. ಚಾ ಕುಡಿಸಿದ್ರು. ಬಸ್ ಕೊಡ್ಲಿಲ್ಲ."

ಅವರ ಜೊತೆ ನಾನೂ ನಕ್ಕೆ. ನೀರಿಲ್ಲದೆ ಹೊರಟ ಆ ಬಸ್ಸಿನ ಬಗ್ಗೆ ಖರೇನೇ ಒಂದು ಅರ್ಜಿ ಬರೆದು ಮಾಲಕರಿಗೆ ಕೊಡಬಹುದಿತ್ತು. ಆಟ ಸರಾಗ ನಡೆಯುತ್ತಿತ್ತು, ಆಡುತ್ತಾ ಕೂತೆ.

ಆ ಬೇಸಿಗೆಯೊಳಗೇ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಪುಣೆಗೆ ಹೋದರು. ತಾವು ಎಷ್ಟೋ ಮಂದಿಯನ್ನು ಒಯ್ದು ಬಿಟ್ಟ ದಾರಿಯಲ್ಲೇ, ಹಿಂದಿನ ಸೀಟಿನಲ್ಲಿ ಕೂತು… ಅಲ್ಲಿ ಯಾವುದೋ ಸಾಲಿ ಮಕ್ಕಳ ವ್ಯಾನು ನಡೆಸುತ್ತಿದ್ದರಂತೆ.

ಹೋದ ವರ್ಷ ಕಾಕು ಫೋನ್ ಮಾಡಿದಾಗ ಕಾಕಾ ತೀರಿ ತಿಂಗಳಾಗಿತ್ತು. "ನೀ ಪುಣೆಕ್ಕ ಬಂದ್ರ ಮನಿಗೆ ಬರ್ತಿ ಅಂತಿದ್ರು" ಎಂದರು. ಅದಕ್ಕೂ ಮೊದಲೇ ಕೆಲಸದ ಮೇಲೆ ಎರಡು ಸಲ ಪುಣೆಗೆ ಹೋಗಿದ್ದೆ. ಎರಡೂ ಸಲ, ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಬಂದುಬಿಟ್ಟಿದ್ದೆ.